ಧಾರವಾಡದ ಗೆಳೆಯರ ಗುಂಪು: ಒಂದು ಬರಹಗಾರರ ಕೂಟದ ಚರಿತ್ರೆ

ನವೋದಯ ಸಾಹಿತ್ಯದ ಚರಿತ್ರೆಯನ್ನು ನಿರೂಪಿಸುವಾಗ ಮೈಸೂರು ಸೀಮೆಯ ಪ್ರಸ್ತಾಪ ಬಂದರೆ ಸಂಸ್ಥೆಗಳ ಹೆಸರು ಮೊದಲು ಬರುತ್ತದೆ. ಧಾರವಾಡದ ಪ್ರಸ್ತಾಪ ಬಂದರೆ ದ.ರಾ. ಬೇಂದ್ರೆಯವರೊಬ್ಬರ ಹೆಸರು ಮೊದಲು ಬರುತ್ತದೆ. ಬೇಂದ್ರೆಯವರ ಸುತ್ತ 1922ರಲ್ಲಿ ರೂಪುಗೊಂಡ ‘ಗೆಳೆಯರ ಗುಂಪು’ ಈ ಎರಡು ಬಗೆಯ ನಿರೂಪಣೆಗಳಲ್ಲಿಯೂ ಅಡಿಟಿಪ್ಪಣಿಯಾಗಿಯೇ ಉಳಿದಿದೆ. ಕವಿಯ ಪ್ರತಿಭೆಗೆ ಹಿನ್ನೆಲೆ ಒದಗಿಸಿದ ಪರಿವಾರವೆಂದು ಅದನ್ನು ಕಾಣುವುದು ವಾಡಿಕೆ. ಆದರೆ ಸಂಸ್ಥೆಯೊಂದು ಮಾಡಬೇಕಾಗಿದ್ದ ಕೆಲಸವನ್ನು ಸಂಸ್ಥೆಯ ಆಸರೆಯಿಲ್ಲದೆ ಕೈಗೆತ್ತಿಕೊಂಡ ಕೂಟ ಅದು ಎಂಬ ದೃಷ್ಟಿಯಿಂದ ನೋಡಿದರೆ ಅದರ ಮಹತ್ತ್ವ ಬೇರೆಯಾಗಿಯೇ ಕಾಣುತ್ತದೆ.

ಅಂದು ಕನ್ನಡ ಪ್ರದೇಶ ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿತ್ತು. ಮೈಸೂರು ಸಂಸ್ಥಾನದಲ್ಲಿ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿದ್ದವು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿದ ಕರ್ನಾಟಕ ಸಂಘಕ್ಕೂ ‘ಪ್ರಬುದ್ಧ ಕರ್ಣಾಟಕ’ಕ್ಕೂ ಕಾಲೇಜಿನ ನೆರಳಿತ್ತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದ ಸ್ಥಿತಿ ಹಾಗಿರಲಿಲ್ಲ. ವಿದ್ಯಾವಂತರ ವ್ಯವಹಾರದಲ್ಲಿ ಮರಾಠಿಯ ಪ್ರಾಬಲ್ಯವಿದ್ದ ಕಾಲದಲ್ಲಿ, 1890ರಲ್ಲಿ, ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಭಾಷೆಯ ಹಕ್ಕಿಗಾಗಿ ದುಡಿಯುತ್ತಿತ್ತು. ಆಲೂರು ವೆಂಕಟರಾಯರು ಏಕೀಕರಣದ ಕನಸನ್ನು ಬಿತ್ತಿದ್ದರು. ಅವರ ‘ಜಯಕರ್ನಾಟಕ’ ಪತ್ರಿಕೆ ಆರಂಭವಾದದ್ದೂ 1922ರಲ್ಲಿಯೇ. ಆದರೆ ಹೊಸದಾಗಿ ಬರೆಯುತ್ತಿದ್ದ ತರುಣನೊಬ್ಬ ತನ್ನ ಬರಹವನ್ನು ಓದಿ ತೋರಿಸಬೇಕೆಂದರೆ ಅದಕ್ಕೆಂದೇ ಒಂದು ಎಡೆ ಇರಲಿಲ್ಲ.

ಸಂಘ, ಸಭೆ, ಪರಿಷತ್ತು, ಮಂಡಲ ಎಂಬ ಗಂಭೀರ ಪದಗಳೆಲ್ಲ ಕೈಗೆಟಕುವಂತಿದ್ದರೂ ಈ ತರುಣರು ಆರಿಸಿಕೊಂಡದ್ದು ‘ಗುಂಪು’ ಎಂಬ ಆಡುಮಾತಿನ ಪದವನ್ನು. ಮರುವರ್ಷ ಪುಣೆಯ ಮರಾಠಿ ಕವಿಗಳು ಸೇರಿ ಕಟ್ಟಿಕೊಂಡ ಕೂಟದ ಹೆಸರು ‘ರವಿಕಿರಣ ಮಂಡಳ’. ಎರಡು ಹೆಸರುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಧಾರವಾಡದವರ ಮನೋಧರ್ಮ ತಾನಾಗಿ ತಿಳಿಯುತ್ತದೆ.

ಗುಂಪಿನ ಸದಸ್ಯರೆಂದು ಸಾಹಿತ್ಯ ಚರಿತ್ರೆಗಳು ಸಾಮಾನ್ಯವಾಗಿ ಕೊಡುವ ಹೆಸರುಗಳು ಇವು: ಶಂ.ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ, ಜಿ.ಬಿ. ಜೋಶಿ, ಸಿದ್ದವನಹಳ್ಳಿ ಕೃಷ್ಣಶರ್ಮ, ‘ಎನ್ಕೆ’ ಎಂದು ಪ್ರಸಿದ್ಧರಾದ ಎನ್.ಕೆ. ಕುಲಕರ್ಣಿ. ಈ ಪಟ್ಟಿಯನ್ನು ಓದಿದವರಿಗೆ ಇವರೆಲ್ಲ ಒಂದೇ ದಿನ ಒಂದೆಡೆ ಕಲೆತು ಗುಂಪು ಕಟ್ಟಿದರೆಂಬ ಭಾವನೆ ಮೂಡುವುದು ಸಹಜ. ಆದರೆ ವಯಸ್ಸಿನ ಲೆಕ್ಕ ಅದಕ್ಕೆ ಒಪ್ಪುವುದಿಲ್ಲ. 1896ರಲ್ಲಿ ಹುಟ್ಟಿದ ಬೇಂದ್ರೆ ಮತ್ತು ಶಂ.ಬಾ. ಅವರಿಗೆ 1922ರಲ್ಲಿ ಇಪ್ಪತ್ತಾರು ವರ್ಷ. ಬೆಟಗೇರಿಯವರಿಗೆ ಇಪ್ಪತ್ತೆರಡು. 1906ರಲ್ಲಿ ಹುಟ್ಟಿದ ಮುಗಳಿಯವರು ಹದಿನಾರರ ಹುಡುಗ. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ಗೋಕಾಕರಿಗೆ ಇನ್ನೂ ಹದಿಮೂರು. ಆದ್ದರಿಂದ ಗುಂಪನ್ನು ಸ್ಥಾಪಕರ ಒಂದು ಪಟ್ಟಿಯಾಗಿ ನೋಡುವುದಕ್ಕಿಂತ, ಒಂದು ದಶಕಕ್ಕೂ ಮಿಕ್ಕಿ ಹೊಸಬರನ್ನು ಒಳಗೊಳ್ಳುತ್ತ ಬೆಳೆದ ಬಳಗವಾಗಿ ನೋಡುವುದು ಸರಿ. ಗುಂಪಿನ ಬಲವಿದ್ದದ್ದೂ ಇದರಲ್ಲಿಯೇ. ಹಿರಿಯರು ಶಾಲೆಯಲ್ಲಿ ಕಲಿಸುತ್ತಿದ್ದವರು, ಕಿರಿಯರು ಕಾಲೇಜಿನಲ್ಲಿ ಓದುತ್ತಿದ್ದವರು.

ಇಂಥ ಬಳಗದಲ್ಲಿ ಪಾಲುಗೊಳ್ಳುವುದು ಬರಹಗಾರನಿಗೆ ಏನನ್ನು ಕೊಟ್ಟಿತು? ಗೋಕಾಕರ ನಿದರ್ಶನ ಎಲ್ಲಕ್ಕಿಂತ ಸ್ಪಷ್ಟವಾದುದು. ಇಂಗ್ಲಿಷ್ ಸಾಹಿತ್ಯದ ಪ್ರತಿಭಾವಂತ ವಿದ್ಯಾರ್ಥಿಯಾಗಿದ್ದು ಇಂಗ್ಲಿಷಿನಲ್ಲಿಯೇ ಕವಿತೆ ಬರೆಯುತ್ತಿದ್ದ ಅವರನ್ನು ಕನ್ನಡದ ಕಡೆಗೆ ತಿರುಗಿಸಿದ್ದು ಬೇಂದ್ರೆಯವರ ಸಾನ್ನಿಧ್ಯ. ಶಂ.ಬಾ. ಅವರದು ಇನ್ನೊಂದು ಬಗೆ. ಅವರ ಒಲವು ಸಂಸ್ಕೃತಿ ಸಂಶೋಧನೆಯ ಕಡೆಗೆ. ಬರೆಯುವವರ ಕೂಟದಲ್ಲಿ ಪದದ ಬೇರನ್ನು ಅಗೆಯುವ ಸಂಶೋಧಕನೂ ಕುಳಿತಿದ್ದುದರಿಂದ ಕವಿಗೆ ನುಡಿಯ ಆಳ, ಸಂಶೋಧಕನಿಗೆ ನುಡಿಯ ಜೀವ ಎದುರಿಗೇ ದೊರೆತವು. ಬೇಂದ್ರೆಯವರ ಕವಿತೆ ಧಾರವಾಡದ ಆಡುನುಡಿಯ ನಾದವನ್ನು ನೆಚ್ಚಿದ್ದು. ಕಣ್ಣಿಗಿಂತ ಕಿವಿಗೆ ಮೊದಲು ಸಲ್ಲುವಂಥದು. ಅಂಥ ಕವಿತೆಗೆ ಪುಸ್ತಕದ ಓದುಗನಿಗಿಂತ ಮುಂಚೆ ಕೇಳುಗ ಬೇಕು. 1929ರ ಬೆಳಗಾವಿ ಸಾಹಿತ್ಯ ಸಮ್ಮೇಳನದಲ್ಲಿ, ಮಾಸ್ತಿಯವರ ಅಧ್ಯಕ್ಷತೆಯಲ್ಲಿ, ಬೇಂದ್ರೆ ‘ಹಕ್ಕಿ ಹಾರುತಿದೆ’ ಕವಿತೆಯನ್ನು ಓದಿ ನಾಡಿನ ಗಮನ ಸೆಳೆದರು. ಆ ದನಿಗೆ ಧಾರವಾಡದ ಗೆಳೆಯರ ಕಿವಿ ಅದಕ್ಕೂ ಮುಂಚೆಯೇ ಒದಗಿತ್ತು.

ಇದೇ ಕಾಲದಲ್ಲಿ ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರ ಮತ್ತೊಂದು ಬಳಗ ಜನಪದ ಹಾಡುಗಳ ಬೆನ್ನುಹತ್ತಿತ್ತು. ಮಧುರಚೆನ್ನರಿಗೂ ಬೇಂದ್ರೆಯವರಿಗೂ ಆಪ್ತ ಸಂಬಂಧ. ಹಲಸಂಗಿಯವರ ‘ಗರತಿಯ ಹಾಡು’ 1931ರಲ್ಲಿ ಬೆಳಕು ಕಂಡಿತು. ಹೆಂಗಸರ ಬಾಯಲ್ಲಿದ್ದ ಹಾಡುಗಳಿಗೆ ಇಷ್ಟು ಗೌರವ ಸಂದ ಈ ಸ್ನೇಹವಲಯದಲ್ಲಿ, ಧಾರವಾಡದ ಗುಂಪಿನ ಪಟ್ಟಿಯೊಳಗೆ ಹೆಣ್ಣಿನ ಹೆಸರೊಂದೂ ಕಾಣದಿರುವುದನ್ನು ಚರಿತ್ರಕಾರರು ಗಮನಿಸದೆ ಹೋಗಲಾಗದು. ‘ಅಂಬಿಕಾತನಯದತ್ತ’ ಎಂಬ ಕಾವ್ಯನಾಮದಲ್ಲಿ ತಾಯಿಯ ಹೆಸರಿದೆ. ಕೂಟದಲ್ಲಿ ಮಾತ್ರ ಅವಳ ಓರಗೆಯವರಿಗಾಗಲಿ ಮಗಳ ಓರಗೆಯವರಿಗಾಗಲಿ ಸ್ಥಾನವಿರಲಿಲ್ಲ.

ಗುಂಪಿನ ಕೆಲಸ ಓದು-ಬರಹಕ್ಕೆ ಮಾತ್ರ ನಿಲ್ಲಲಿಲ್ಲ. 1926ರಲ್ಲಿ ನವರಾತ್ರಿಯ ದಿನಗಳಿಗೆ ಹೊಂದಿಸಿ ನಾಡಹಬ್ಬದ ಆಚರಣೆ ಮೊದಲಾಯಿತು. ‘ಆನಂದಕಂದ’ರೆಂದು ಹೆಸರಾದ ಬೆಟಗೇರಿಯವರು ‘ಜಯಕರ್ನಾಟಕ’ದ ಸಂಪಾದಕರಾಗಿ ದುಡಿದರು, ಮುಂದೆ ‘ಜಯಂತಿ’ಯನ್ನು ನಡೆಸಿದರು. ಇವೆಲ್ಲ ಕೈಯಲ್ಲಿ ಹಣವಿಲ್ಲದವರ ಸಾಹಸಗಳು.

ಬರಹದ ಬೆಲೆ ತೆರಬೇಕಾದ ಕಾಲವೂ ಬಂತು. 1932ರಲ್ಲಿ ‘ಗರಿ’ ಸಂಕಲನ ಪ್ರಕಟವಾಯಿತು. ಅದರಲ್ಲಿನ ‘ನರಬಲಿ’ ಕವಿತೆಯಲ್ಲಿ ಬ್ರಿಟಿಷ್ ಸರ್ಕಾರ ರಾಜದ್ರೋಹವನ್ನು ಕಂಡಿತು. ಬೇಂದ್ರೆಯವರಿಗೆ ಹಿಂಡಲಗಾ ಜೈಲು, ಅನಂತರ ಮುಗದ ಗ್ರಾಮದಲ್ಲಿ ನಿರ್ಬಂಧವಾಸ; ಬಳಿಕ ಹಲವು ವರ್ಷ ನೆಲೆಯಾದ ಉದ್ಯೋಗವಿಲ್ಲ. 1944ರಲ್ಲಿ ಅವರು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿಗೆ ಹೋದರು. ಅದಕ್ಕೆ ಮುನ್ನವೇ, 1936ರಲ್ಲಿ, ಗೋಕಾಕರು ಆಕ್ಸ್‌ಫರ್ಡಿಗೆ ತೆರಳಿದ್ದರು. ನೌಕರಿ ಕರೆದ ಕಡೆಗೆ ಗೆಳೆಯರು ಚದುರಿದರು.

ಇದು ಗುರುವೊಬ್ಬನ ಸುತ್ತ ನೆರೆದ ಶಿಷ್ಯಮಂಡಲಿಯಾಗಿತ್ತೆ ಎಂಬ ಸಂದೇಹ ಉಳಿಯುತ್ತದೆ. ಬೇಂದ್ರೆಯವರ ಪ್ರಭಾವ ದೊಡ್ಡದೆಂಬುದು ನಿರ್ವಿವಾದ. ಆದರೆ ಗೆಳೆಯರು ಮುಂದೆ ಹಿಡಿದ ದಾರಿಗಳು ಒಂದರಂತೆ ಒಂದಿಲ್ಲ. ಮುಗಳಿಯವರು ‘ಕನ್ನಡ ಸಾಹಿತ್ಯ ಚರಿತ್ರೆ’ ಬರೆದರು, ಶಂ.ಬಾ. ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆಯನ್ನು ಹುಡುಕಿದರು. ಗೋಕಾಕರು 1950ರಲ್ಲಿ ‘ನವ್ಯ ಕವಿತೆಗಳು’ ಸಂಗ್ರಹದ ಮೂಲಕ ಗುರುವಿನ ಮಾರ್ಗದಿಂದಲೇ ಹೊರಳಿ ನಡೆದರು. ಬರೀ ಅನುಯಾಯಿಗಳ ಕೂಟದಿಂದ ಇಷ್ಟು ಭಿನ್ನವಾದ ಫಲ ಬರುವುದು ಅಪರೂಪ.

1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಆನಂದಕಂದರ ಕಾದಂಬರಿ ‘ಸುದರ್ಶನ’ ಅದರ ಮೊದಲ ಪ್ರಕಟಣೆ. ಗೆಳೆಯರು ಊರು ಬಿಟ್ಟ ಮೇಲೂ ಗ್ರಂಥಮಾಲೆಯ ಅಟ್ಟದಲ್ಲಿ ಹರಟೆ, ವಾದ, ಹಸ್ತಪ್ರತಿಗಳ ಓದು ಸಾಗಿಬಂದವು. ಕೀರ್ತಿನಾಥ ಕುರ್ತಕೋಟಿಯವರ ಕಾಲದ ಆ ಅಟ್ಟಕ್ಕೆ ಬರುತ್ತಿದ್ದ ತರುಣರಲ್ಲಿ ಗಿರೀಶ ಕಾರ್ನಾಡರೂ ಒಬ್ಬರು. ಅವರ ಮೊದಲ ನಾಟಕ ‘ಯಯಾತಿ’ಯನ್ನು ಗ್ರಂಥಮಾಲೆ 1961ರಲ್ಲಿ ಅಚ್ಚುಹಾಕಿತು.