ಸ್ಥಿರತೆಯ ಹೊಣೆ ಯಾರದು? ಆಪ್-ಆಂಪ್ ವಿನ್ಯಾಸದಲ್ಲಿ ಫೇಸ್ ಮಾರ್ಜಿನ್, 1927–1974

ಆಪರೇಷನಲ್ ಆಂಪ್ಲಿಫೈಯರ್, ಅಂದರೆ ಆಪ್-ಆಂಪ್, ನಿರ್ವಾತ ಕೊಳವೆಯಿಂದ ಟ್ರಾನ್ಸಿಸ್ಟರಿಗೆ, ಅಲ್ಲಿಂದ ಐಸಿಗೆ ಬೆಳೆದ ಬಗೆಯನ್ನು ಹೇಳುವುದು ರೂಢಿ. ಅದೇ ಅವಧಿಯನ್ನು ಸ್ಥಿರತೆಯ ಕಡೆಯಿಂದ ನೋಡಿದರೆ ಇನ್ನೊಂದು ಬೆಳವಣಿಗೆ ಕಾಣುತ್ತದೆ: ಆಂಪ್ಲಿಫೈಯರ್ ತಾನಾಗಿ ಆಂದೋಲಿಸದಂತೆ ನೋಡಿಕೊಳ್ಳುವ ಹೊಣೆ ಬಳಸುವವರಿಂದ ತಯಾರಕರಿಗೆ ದಾಟಿತು. ಅದಕ್ಕೆ ತೆತ್ತ ಬೆಲೆ ವೇಗ.

ಪ್ರಶ್ನೆ ರೂಪುಗೊಂಡದ್ದು

1927ರ ಆಗಸ್ಟ್‌ನಲ್ಲಿ ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಬ್ಲ್ಯಾಕ್ ನೆಗೆಟಿವ್ ಫೀಡ್‌ಬ್ಯಾಕ್ ಆಂಪ್ಲಿಫೈಯರನ್ನು ಕಲ್ಪಿಸಿದರು. ದೂರದ ಟೆಲಿಫೋನ್ ಮಾರ್ಗಗಳಲ್ಲಿ ವಿಕೃತಿ ತಗ್ಗಿಸುವುದು ಅವರ ಗುರಿ. ಆದರೆ ಸಂಕೇತ ಪ್ರತಿ ಹಂತದಲ್ಲೂ ತುಸು ತಡವಾಗುತ್ತದೆ. ಈ ವಿಳಂಬದ ಮೊತ್ತ 180 ಡಿಗ್ರಿ ಮುಟ್ಟಿದ ಆವರ್ತನದಲ್ಲಿ, ನೆಗೆಟಿವ್ ಆಗಿ ಮರಳಬೇಕಾದ ಸಂಕೇತ ಪಾಸಿಟಿವ್ ಆಗಿ ಮರಳುತ್ತದೆ. ಅಲ್ಲಿ ಲೂಪ್ ಗೇನ್ (ಫೀಡ್‌ಬ್ಯಾಕ್ ಲೂಪನ್ನು ಒಂದು ಸುತ್ತು ಸುತ್ತುವಾಗ ಸಂಕೇತ ವರ್ಧಿಸುವ ಪ್ರಮಾಣ) ಸರಿಯಾಗಿ ಒಂದಿದ್ದರೆ ಆಂದೋಲನ ನಿಲ್ಲದು. ಒಂದಕ್ಕಿಂತ ಹೆಚ್ಚಿದ್ದರೆ ಅಸ್ಥಿರತೆ ಖಚಿತವೇ? ಅಲ್ಲವೆಂದು ಹ್ಯಾರಿ ನೈಕ್ವಿಸ್ಟ್ 1932ರಲ್ಲಿ ತೋರಿಸಿದರು: ನಿರ್ಣಾಯಕವಾದದ್ದು ಲೂಪ್ ಗೇನ್‌ನ ಇಡೀ ವಕ್ರರೇಖೆಯ ಪಥ.

ನೈಕ್ವಿಸ್ಟ್ ನಿಯಮ ಹೌದು ಅಥವಾ ಇಲ್ಲ ಎನ್ನುವ ತೀರ್ಪು ಕೊಡುತ್ತಿತ್ತು. ವಿನ್ಯಾಸಕಾರರಿಗೆ ಬೇಕಿದ್ದದ್ದು ಅಪಾಯ ಎಷ್ಟು ದೂರವಿದೆ ಎಂಬ ಅಳತೆ. ಹೆಂಡ್ರಿಕ್ ಬೋಡ್ 1940ರ ಪ್ರಬಂಧದಲ್ಲೂ 1945ರ ಗ್ರಂಥದಲ್ಲೂ ಅದನ್ನು ಒದಗಿಸಿದರು. ಲೂಪ್ ಗೇನ್ ಒಂದಕ್ಕೆ ಇಳಿಯುವ ಆವರ್ತನದಲ್ಲಿ 180 ಡಿಗ್ರಿಗೆ ಇನ್ನೆಷ್ಟು ಉಳಿದಿದೆಯೋ ಅದೇ ಫೇಸ್ ಮಾರ್ಜಿನ್. ಗೇನ್ ಇಳಿಯುವ ವೇಗಕ್ಕೂ ಫೇಸ್‌ಗೂ ಇರುವ ನಂಟನ್ನೂ ಅವರು ಸ್ಥಾಪಿಸಿದರು: ದಶಕಕ್ಕೆ (ಆವರ್ತನ ಹತ್ತು ಪಟ್ಟಾದಾಗ) 20 ಡೆಸಿಬೆಲ್ ಇಳಿತಕ್ಕೆ 90 ಡಿಗ್ರಿ ವಿಳಂಬ, 40ಕ್ಕೆ 180 ಡಿಗ್ರಿ. ಎರಡನೇ ದರ್ಜೆಯ ವ್ಯವಸ್ಥೆಯಲ್ಲಿ ಮಾರ್ಜಿನ್ 60 ಡಿಗ್ರಿಯಿದ್ದರೆ ಔಟ್‌ಪುಟ್ ಗುರಿ ಮೀರಿ ಚಿಮ್ಮುವುದು ಸುಮಾರು ಶೇ. 9, 45 ಡಿಗ್ರಿಯಾದರೆ ಶೇ. 23.

ಕೆಪಾಸಿಟರ್ ಒಳಗೋ ಹೊರಗೋ

ಫೇರ್‌ಚೈಲ್ಡ್‌ನಲ್ಲಿ ಬಾಬ್ ವಿಡ್ಲರ್ ರೂಪಿಸಿದ 709 (1965) ಗೇನ್ ಹಂತಗಳು ಹೆಚ್ಚಿದ್ದ ಐಸಿ ಆಪ್-ಆಂಪ್; ಹಂತ ಹೆಚ್ಚಿದಷ್ಟೂ ಫೇಸ್ ವಿಳಂಬವೂ ಹೆಚ್ಚು, ಆ ವಿಳಂಬ 180 ಡಿಗ್ರಿ ಮುಟ್ಟುವ ಮೊದಲೇ ಗೇನನ್ನು ಇಳಿಸುವುದು ಕೆಪಾಸಿಟರಿನ ಕೆಲಸ. ಯೂನಿಟಿ ಗೇನ್‌ನಲ್ಲಿ, ಅಂದರೆ ಔಟ್‌ಪುಟ್ ಪೂರ್ತಿಯಾಗಿ ಇನ್‌ಪುಟ್‌ಗೆ ಮರಳುವ ಜೋಡಣೆಯಲ್ಲಿ, ಅದು ಸ್ಥಿರವಾಗಿರಲು 5000 ಪಿಕೋಫ್ಯಾರಡ್ ಮತ್ತು 200 ಪಿಕೋಫ್ಯಾರಡ್‌ನ ಎರಡು ಕೆಪಾಸಿಟರುಗಳನ್ನೂ 1.5 ಕಿಲೋಓಮ್ ರೆಸಿಸ್ಟರನ್ನೂ ಬಳಸುವವರೇ ಹೊರಗೆ ಜೋಡಿಸಬೇಕಿತ್ತು. ನ್ಯಾಷನಲ್ ಸೆಮಿಕಂಡಕ್ಟರ್‌ಗೆ ಹೋದ ವಿಡ್ಲರ್ 1967ರ ಎಲ್‌ಎಂ101ರಲ್ಲಿ ಗೇನ್ ಹಂತಗಳನ್ನು ಎರಡಕ್ಕೆ ಇಳಿಸಿದರು. ಈಗ 30 ಪಿಕೋಫ್ಯಾರಡ್‌ನ ಒಂದೇ ಕೆಪಾಸಿಟರ್ ಸಾಕಾಯಿತು. ಅದನ್ನೂ ಅವರು ಹೊರಗೇ ಬಿಟ್ಟರು. 1968ರಲ್ಲಿ ಫೇರ್‌ಚೈಲ್ಡ್‌ನ ಡೇವ್ ಫುಲ್ಲಗಾರ್ 741ರಲ್ಲಿ ಅದನ್ನು ಚಿಪ್ಪಿನೊಳಕ್ಕೆ ತಂದರು.

ಮಿಲ್ಲರ್ ಪರಿಣಾಮದಿಂದ ಆ ಪುಟ್ಟ ಕೆಪಾಸಿಟರ್ ನೂರಾರು ಪಟ್ಟು ದೊಡ್ಡದರಂತೆ ವರ್ತಿಸುತ್ತದೆ. ಹೀಗಾಗಿ 741ರ ಸುಮಾರು ಎರಡು ಲಕ್ಷ ಗೇನ್ 5 ಹರ್ಟ್ಸ್‌ನಿಂದಲೇ ಇಳಿಯತೊಡಗಿ 1 ಮೆಗಾಹರ್ಟ್ಸ್ ಬಳಿ ಒಂದಕ್ಕೆ ಬರುತ್ತದೆ. ನಿಧಾನಗತಿಯ ಲ್ಯಾಟರಲ್ ಪಿಎನ್‌ಪಿ ಟ್ರಾನ್ಸಿಸ್ಟರುಗಳ ಫೇಸ್ ವಿಳಂಬ ಅದಕ್ಕಿಂತ ಮುಂದೆ ಹೋಗಗೊಡುತ್ತಿರಲಿಲ್ಲ.

ತೆತ್ತ ಬೆಲೆ

ಯೂನಿಟಿ ಗೇನ್ ಅತಿ ಕಠಿಣ ಸನ್ನಿವೇಶ. ಅದಕ್ಕೆ ಸಿದ್ಧಪಡಿಸಿದ 741, ನೂರರ ಗೇನ್‌ನಲ್ಲಿ ಬೇಕಾದುದಕ್ಕಿಂತ ಹೆಚ್ಚು ಮಾರ್ಜಿನ್ ಹೊತ್ತು, ಬ್ಯಾಂಡ್‌ವಿಡ್ತನ್ನು 10 ಕಿಲೋಹರ್ಟ್ಸ್‌ಗೆ ಇಳಿಸಿಕೊಳ್ಳುತ್ತದೆ. ಔಟ್‌ಪುಟ್ ಬದಲಾಗುವ ಗರಿಷ್ಠ ವೇಗವಾದ ಸ್ಲೂ ರೇಟ್ ಮೈಕ್ರೋಸೆಕೆಂಡಿಗೆ ಸುಮಾರು ಅರ್ಧ ವೋಲ್ಟ್; 10 ವೋಲ್ಟ್ ಶೃಂಗದ ಸೈನ್ ಅಲೆ 8 ಕಿಲೋಹರ್ಟ್ಸ್ ದಾಟಿದರೆ ವಿಕೃತವಾಗುತ್ತದೆ. ಆ ಕೆಪಾಸಿಟರನ್ನು ತುಂಬಿಸುವ ಮೊದಲ ಹಂತದ ಕರೆಂಟ್ ಏರಿಸಿ ಇದನ್ನು ಸರಿಪಡಿಸಲಾಗದು. ಬೈಪೋಲಾರ್ ಜೋಡಿಯಲ್ಲಿ ಕರೆಂಟಿನ ಜತೆಗೇ ಟ್ರಾನ್ಸ್‌ಕಂಡಕ್ಟೆನ್ಸ್ (ಇನ್‌ಪುಟ್ ವೋಲ್ಟೇಜ್ ಬದಲಾದಾಗ ಔಟ್‌ಪುಟ್ ಕರೆಂಟ್ ಬದಲಾಗುವ ಪ್ರಮಾಣ) ಏರುತ್ತದೆ. ಮಾರ್ಜಿನ್ ಉಳಿಸಲು ಕೆಪಾಸಿಟರನ್ನೂ ಅಷ್ಟೇ ಹಿಗ್ಗಿಸಬೇಕು. ಸ್ಲೂ ರೇಟ್ ಇದ್ದಲ್ಲೇ ಉಳಿಯುತ್ತದೆ. ಈ ಸಂಬಂಧವನ್ನು ಜೇಮ್ಸ್ ಸಾಲೊಮನ್ 1974ರ ತಮ್ಮ ಪ್ರಬಂಧದಲ್ಲಿ ವಿಶದಪಡಿಸಿದರು.

ಹೊಣೆ ಪೂರ್ತಿಯಾಗಿ ದಾಟಲಿಲ್ಲ ಎಂಬುದನ್ನೂ ಗಮನಿಸಬೇಕು. ಉದ್ದನೆಯ ಕೇಬಲ್‌ನಂಥ ಕೆಪಾಸಿಟಿವ್ ಲೋಡ್ ಸೇರಿದಾಗ ಆಪ್-ಆಂಪ್‌ನ ಔಟ್‌ಪುಟ್ ರೋಧ ಹೊಸ ವಿಳಂಬ ತಂದು ಮಾರ್ಜಿನ್ ಕರಗಿಸುತ್ತದೆ. ಚಿಪ್ಪಿನೊಳಗೆ ಕೂತ ಕೆಪಾಸಿಟರ್ ಊಹಿಸಬಲ್ಲದ್ದು ಆಂಪ್ಲಿಫೈಯರಿನ ಗುಣವನ್ನಷ್ಟೇ. ಫೇಸ್ ಮಾರ್ಜಿನ್ ಇಡೀ ಲೂಪ್‌ನ ಗುಣವಾದ್ದರಿಂದ, 741ರ ನಂತರವೂ ಅದರ ಕೊನೆಯ ಲೆಕ್ಕ ಮಂಡಲ ಕಟ್ಟುವವರ ಪಾಲಿಗೇ ಉಳಿಯಿತು.