ಅಚ್ಚು ಮತ್ತು ಅರ: ಕರ್ನಾಟಕದ ಫೈಬರ್‌ಗ್ಲಾಸ್ ವಾಹನಗಳ ಮೈಗೆಲಸ

ಚಳ್ಳಕೆರೆ ಮೊಳಕಾಲ್ಮೂರುಗಳ ಸೀಮೆಯು ಮಳೆ ಕಡಮೆಯಾದ ಬಯಲುನಾಡು. ಹುಲ್ಲುಗಾವಲುಗಳೇ ಅದರ ಪ್ರಾಚೀನ ಸಂಪತ್ತು. ಚಳ್ಳಕೆರೆಯ ಸುತ್ತಿನ ಅಮೃತಮಹಲ್ ಕಾವಲುಗಳು ಯಾವ ತಳಿಯ ಹೆಸರನ್ನು ಹೊತ್ತಿರುವುವೋ ಆ ತಳಿಯ ಎತ್ತುಗಳು ಹೈದರಾಲಿ ಟಿಪ್ಪುಸುಲ್ತಾನರ ಕಾಲದಲ್ಲಿ ಸೇನೆಯ ಸರಂಜಾಮನ್ನೆಳೆದು ಪ್ರಸಿದ್ಧಿ ಪಡೆದುವು. ಎತ್ತಿನ ಹಿಂದೆ ಬಂಡಿಯುಂಟಷ್ಟೆ. ಬಂಡಿಯ ಎರಡು ಗಾಲಿಗಳನ್ನು ಕೂಡಿಸುವುದು ಅಚ್ಚು. ಗಾಲಿಯ ಗುಂಬದಿಂದ ಹೊರಸುತ್ತಿಗೆ ಹಾಯುವ ಕಡ್ಡಿಗಳು ಅರಗಳು. ಈ ಎರಡು ಮಾತುಗಳಿಗೂ ಕನ್ನಡದಲ್ಲಿ ಬೇರೆಯ ಅರ್ಥವೂ ಉಂಟು. ಎರಕ ಹೊಯ್ಯುವ ಪಡಿಯೂ ಅಚ್ಚೇ. ಲೋಹವನ್ನೂ ಮರವನ್ನೂ ಉಜ್ಜಿ ಸವೆಯಿಸುವ ಸಾಧನವೂ ಅರವೇ. ಬಂಡಿಯ ಮಾತುಗಳು ಸಂಸ್ಕೃತದ ಅಕ್ಷ, ಅರ ಶಬ್ದಗಳಿಂದ ಬಂದುವು. ಕಮ್ಮಟದ ಮಾತುಗಳು ದೇಶ್ಯ. ಮೂಲ ಬೇರೆಯಾದರೂ ಧ್ವನಿ ಒಂದಾದ ಈ ಜೋಡಿಯು, ವಾಹನದ ಮೈಯನ್ನು ಕಟ್ಟುವ ಕೆಲಸದ ಚರಿತ್ರೆಯಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧಕ್ಕೆ ಒಂದೆಡೆ ಸೇರಿತು.

ವಾಹನದ ಮೈಯನ್ನೂ ಅದರ ಕೆಳಗಿನ ಚೌಕಟ್ಟನ್ನೂ ಬೇರೆ ಬೇರೆಯಾಗಿ ಮಾಡಿ ಕೂಡಿಸುವ ಪದ್ಧತಿ ಬಹು ಹಳೆಯದು. ಬಂಡಿಯ ಮೂಕಿ ಅಚ್ಚುಗಳ ಮೇಲೆ ತಟ್ಟಿಯ ಮರೆ ಕಟ್ಟಿದಂತೆಯೇ ಮೋಟಾರಿನ ಛಾಸಿಯ ಮೇಲೆ ಬಸ್ಸಿನ, ಲಾರಿಯ ಬಾಡಿಯನ್ನು ಬಡಗಿಗಳೂ ಕಮ್ಮಾರರೂ ಕಟ್ಟಿದರು. ಉಕ್ಕಿನ ತಗಡನ್ನು ಒತ್ತುಯಂತ್ರದಲ್ಲಿ ಒತ್ತಿ ಕಾರಿನ ಮೈಯನ್ನು ಮಾಡುವ ಕ್ರಮವು ಬಂದಮೇಲೆ ಈ ಕೈಗೆಲಸವು ಹಿಂದೆ ಸರಿಯಿತು. ಆದರೆ ಅಂತಹ ಒತ್ತಚ್ಚುಗಳಿಗೆ ತಗಲುವ ವೆಚ್ಚವು ಅಪಾರವಾದುದು. ಸಾವಿರಾರು ಕಾರುಗಳನ್ನು ಮಾಡುವವರಿಗಲ್ಲದೆ ಉಳಿದವರಿಗೆ ಅದು ನಿಲುಕದು.

ಈ ಇಕ್ಕಟ್ಟಿಗೆ ಫೈಬರ್‌ಗ್ಲಾಸ್ ಒಂದು ದಾರಿಯನ್ನು ತೋರಿಸಿತು. 1953ರಲ್ಲಿ ಅಮೆರಿಕದ ಷೆವರ್ಲೆ ಕಾರ್ವೆಟ್ ಕಾರು ಈ ಮೈಯಿಂದಲೇ ಹೊರಬಂದಿತು. ಇಂಗ್ಲೆಂಡಿನಲ್ಲಿ ಸಿದ್ಧವಾದ ಕಾರಿನ ಮೇಲಿದ್ದ ಖರೀದಿ ತೆರಿಗೆಯು ಬಿಡಿಭಾಗಗಳ ಕಟ್ಟಿಗೆ ತಗಲದಿದ್ದುದರಿಂದ, ಕೊಂಡವನೇ ಮನೆಯಲ್ಲಿ ಜೋಡಿಸಿಕೊಳ್ಳುವ ಕಾರುಗಳು ಹೇರಳವಾಗಿ ಹುಟ್ಟಿದುವು. 1973ರಲ್ಲಿ ಆ ತೆರಿಗೆಯ ಸ್ಥಾನದಲ್ಲಿ ಮೌಲ್ಯವರ್ಧಿತ ತೆರಿಗೆಯು ಬಂದುದರಿಂದ ಆ ಅನುಕೂಲ ತಪ್ಪಿತು. ಭಾರತದಲ್ಲಿ ಮನೆಯ ಜೋಡಣೆ ವಾಡಿಕೆಯಾಗಲಿಲ್ಲ. ಆದರೆ ಅದೇ ಬಗೆಯ ಮೈಗೆಲಸವನ್ನು ಬೆಂಗಳೂರಿನ ಕಾರ್ಖಾನೆಯೊಂದು ಕೈಕೊಂಡಿತು. ಸನ್‌ರೈಸ್ ಆಟೊಮೋಟಿವ್ ಇಂಡಸ್ಟ್ರೀಸ್ ಎಂಬ ಸಂಸ್ಥೆಯು 1970ರ ದಶಕದಲ್ಲಿ 'ಬಾದಲ್' ಎಂಬ ಮೂರು ಗಾಲಿಯ ಕಾರನ್ನು ಫೈಬರ್‌ಗ್ಲಾಸ್ ಮೈಯಿಂದ ತಯಾರಿಸಿತು. ಅದೇ ಮುಂದೆ ಸಿಪಾನಿ ಆಟೊಮೊಬೈಲ್ಸ್ ಎಂಬ ಹೆಸರನ್ನು ತಾಳಿ, 1980ರ ದಶಕದ ಮೊದಲಲ್ಲಿ 'ಡಾಲ್ಫಿನ್' ಎಂಬ ಕಾರನ್ನು ಹೊರತಂದಿತು. ಇಂಗ್ಲೆಂಡಿನ ಟ್ಯಾಮ್‌ವರ್ತಿನ ರಿಲಯಂಟ್ ಸಂಸ್ಥೆಯು 1975ರಿಂದ ಮಾಡುತ್ತಿದ್ದ 'ಕಿಟನ್' ಎಂಬ ಕಾರೇ ಇದಕ್ಕೆ ಮೂಲ: ಉಕ್ಕಿನ ಛಾಸಿ, 848 ಘನ ಸೆಂಟಿಮೀಟರಿನ ಎಂಜಿನ್, ಮೇಲೆ ಫೈಬರ್‌ಗ್ಲಾಸ್ ಮೈ.

ಈ ಮೈಯು ಹುಟ್ಟುವ ಬಗೆಯನ್ನು ತಿಳಿಯದೆ ಇದರ ಚರಿತ್ರೆಯು ಅರ್ಥವಾಗದು. ಒಳಮೈ ನುಣುಪಾದ ಅಚ್ಚಿಗೆ ಮೇಣವನ್ನು ಸವರಿ, ಬಣ್ಣ ಬೆರೆತ ರಾಳವನ್ನು ಬಳಿಯುವರು. ಅದರ ಮೇಲೆ ಗಾಜಿನ ಎಳೆಗಳ ಹಾಸನ್ನಿರಿಸಿ, ರಾಳದಿಂದ ನೆನೆಯಿಸಿ, ಗುಳ್ಳೆಗಳು ಉಳಿಯದಂತೆ ಉರುಳೆಯಿಂದ ಒತ್ತುವರು. ರಾಳವು ಒಲೆಯ ಹಂಗಿಲ್ಲದೆಯೇ ಗಟ್ಟಿಯಾಗುವುದು. ಗಟ್ಟಿಯಾಗುವಾಗ ತುಸು ಕುಗ್ಗುವುದು. ಅವಸರದಿಂದ ಅಚ್ಚಿನಿಂದ ಬಿಡಿಸಿದ ಹಲಗೆಯು ಸೊಟ್ಟಗಾಗುವುದೂ ಉಂಟು. ಆದುದರಿಂದ ಒಂದೇ ಅಚ್ಚಿನಲ್ಲಿ ಹುಟ್ಟಿದ ಎರಡು ಬಾಗಿಲುಗಳು ಕೂದಲೆಳೆಯಷ್ಟೂ ಭೇದವಿಲ್ಲದೆ ಇರುವುವೆಂದು ನಂಬುವಂತಿಲ್ಲ.

ಅಚ್ಚಿನ ಕೆಲಸವು ಮುಗಿದಲ್ಲಿಗೆ ಅರದ ಕೆಲಸವು ಮೊದಲಾಗುತ್ತದೆ. ಅರೆಹಸಿಯಾಗಿರುವಾಗ ಹೆಚ್ಚಿನ ಅಂಚನ್ನು ಚೂರಿಯಿಂದಲೇ ಕೊಯ್ಯಬಹುದು. ಪೂರ್ತಿ ಗಟ್ಟಿಯಾದ ಮೇಲೆ ಗರಗಸವೂ ಅರವೂ ಬೇಕು. ಮೈಯನ್ನು ಛಾಸಿಯ ಮೇಲೆ ಕೂರಿಸಿ, ಎತ್ತರದಲ್ಲಿ ವ್ಯತ್ಯಾಸವಿದ್ದೆಡೆ ತೆಳುವಾದ ತಗಡನ್ನು ಒತ್ತುಕೊಟ್ಟು, ಬೋಲ್ಟುಗಳನ್ನು ಸಡಿಲವಾಗಿ ಹಾಕಿ, ಬಾಗಿಲನ್ನು ಕೀಲಿಗೆ ತಗಲಿಸಿ ನೋಡಬೇಕು. ಸಂದು ಮೇಲೆ ಕಿರಿದಾಗಿ ಕೆಳಗೆ ಹಿರಿದಾಗಿದ್ದರೆ ಮೊದಲು ಮೈಯ ನೆಲೆಯನ್ನು ತಿದ್ದಬೇಕು. ಅಂಚನ್ನು ಕತ್ತರಿಸುವುದು ಕೊನೆಯ ಉಪಾಯ. ಗೀಟೆಳೆದು, ಗೀಟಿನ ಹೊರಗೇ ಕತ್ತರಿಸಿ, ಮತ್ತೆ ಹಿಡಿದು ನೋಡಿ, ಉಳಿದುದನ್ನು ಅರದಿಂದ ಸವೆಯಿಸಬೇಕು. ಕೈ ಮೀರಿ ಕತ್ತರಿಸಿದಲ್ಲಿ ಗಾಜಿನ ಎಳೆಯನ್ನೂ ರಾಳವನ್ನೂ ಮತ್ತೆ ಬೆಳೆಸಿ ಕೊರತೆಯನ್ನು ತುಂಬಬಹುದು. ಮರವೂ ತಗಡೂ ಇಷ್ಟು ಸುಲಭವಾಗಿ ಈ ಕ್ಷಮೆಯನ್ನು ಕೊಡವು. ಆದರೆ ಉಜ್ಜಿದ ಧೂಳು ಚರ್ಮಕ್ಕೂ ಶ್ವಾಸಕೋಶಕ್ಕೂ ಹಾನಿಕರ. ಅದರ ಬೆಲೆಯನ್ನು ತೆರುವವನು ಕೆಲಸಗಾರನೇ.

ಇದರಿಂದ ಒಂದು ಅಂಶವು ಸ್ಪಷ್ಟವಾಗುತ್ತದೆ. ಫೈಬರ್‌ಗ್ಲಾಸಿನಲ್ಲಿ ಅಚ್ಚು ಅಗ್ಗ, ಕೈ ದುಬಾರಿ; ಉಕ್ಕಿನಲ್ಲಿ ಅಚ್ಚು ದುಬಾರಿ, ಕೈ ಅಗ್ಗ. 1983ರ ಡಿಸೆಂಬರಿನಲ್ಲಿ ಒತ್ತಿದ ಉಕ್ಕಿನ ಮೈಯುಳ್ಳ ಮಾರುತಿ 800 ಬಂದಾಗ ಎದುರುಬದುರಾದುವು ಈ ಎರಡು ಲೆಕ್ಕಗಳೇ. ಸಂಖ್ಯೆ ಬೆಳೆದಂತೆ ಉಕ್ಕಿನ ಅಚ್ಚಿನ ವೆಚ್ಚವು ಹಂಚಿಹೋಗಿ ಕರಗುವುದು. ಅರ ಹಿಡಿದ ಕೈಯ ವೆಚ್ಚವಾದರೋ ಪ್ರತಿಯೊಂದು ಕಾರಿಗೂ ಮತ್ತೆ ಮತ್ತೆ ತಗಲುವುದು. ಬೆಂಗಳೂರಿನ ಕಾರುಗಳು ಮಾರುಕಟ್ಟೆಯಿಂದ ಮರೆಯಾದುದನ್ನು ಆ ಕಸುಬಿನ ಸೋಲೆಂದು ಬಗೆಯುವುದು ಯುಕ್ತವಲ್ಲ.

ಏಕೆಂದರೆ, ಸಂಖ್ಯೆ ಕಡಮೆಯಾಗಿಯೂ ಮೈ ಹಗುರವಾಗಿಯೂ ಇರಬೇಕಾದೆಡೆ ಅದೇ ಕಸುಬು ಉಳಿದು ಬೆಳೆಯಿತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ರಚಿಸಿದ, ಎರಡು ಆಸನಗಳ 'ಹಂಸ' ವಿಮಾನವು 1993ರ ನವೆಂಬರಿನಲ್ಲಿ ಮೊದಲು ಹಾರಿತು. ಅದರ ಮೈಯೂ ಎಳೆ ರಾಳಗಳ ಸಂಯುಕ್ತವೇ. ಚಳ್ಳಕೆರೆಯ ಕಾವಲಿನಲ್ಲಿ 2017ರ ಮೇ ತಿಂಗಳಲ್ಲಿ ವೈಮಾನಿಕ ಪರೀಕ್ಷಾ ವಲಯವು ಉದ್ಘಾಟನೆಗೊಂಡಿತು. ಬಾಲವಿಲ್ಲದೆ ರೆಕ್ಕೆಯೇ ಮೈಯಾದ, ಚಾಲಕನಿಲ್ಲದ ವಿಮಾನವೊಂದು 2022ರ ಜುಲೈ 1ರಂದು ಅಲ್ಲಿ ಮೊದಲ ಬಾರಿಗೆ ಹಾರಿತು. ಅದರ ಮೈಯು ರಾಳದಲ್ಲಿ ನೆನೆದ ಇಂಗಾಲದ ಎಳೆಗಳಿಂದಾದುದು.

ಹೀಗೆ ಅಚ್ಚೂ ಅರವೂ ಎತ್ತಿನ ಬಂಡಿಯ ನೆಲಕ್ಕೆ ಹೊಸ ಅರ್ಥದಲ್ಲಿ ಮರಳಿದುವು. ಆದರೆ ಈ ಮರಳುವಿಕೆ ನಿರ್ಬಾಧವಾದುದಲ್ಲ. ಆ ಕಾವಲುಗಳ ಸುಮಾರು 10,000 ಎಕರೆ ನೆಲವು ರಕ್ಷಣೆ, ವಿಜ್ಞಾನ ಮೊದಲಾದ ಸಂಸ್ಥೆಗಳಿಗೆ ಹಂಚಿಕೆಯಾದುದರಿಂದ ದನ ಕುರಿಗಳನ್ನು ಮೇಯಿಸುತ್ತಿದ್ದವರು ಮೇವಿನ ನೆಲೆಯನ್ನು ಕಳೆದುಕೊಂಡರು. ಅವರ ಅಹವಾಲು ರಾಷ್ಟ್ರೀಯ ಹಸಿರು ನ್ಯಾಯಪೀಠದವರೆಗೂ ಹೋಯಿತು. ಬಂಡಿಯ ನೊಗ, ಮೂಕಿ, ಗುಂಬ, ಕಡಾಣಿಗಳು ನಿಘಂಟುಗಳಲ್ಲಾದರೂ ನೆಲೆ ಪಡೆದುವು. ಸಂದನ್ನು ಕಣ್ಣಳತೆಯಲ್ಲೇ ಅಳೆದು, ಬೆರಳ ತುದಿಯಿಂದ ಅಂಚನ್ನು ಪರೀಕ್ಷಿಸುತ್ತಿದ್ದ ಕೆಲಸಗಾರರ ಮಾತುಗಳಾದರೋ ಅವರ ನಾಲಗೆಯಲ್ಲಿ ಮಾತ್ರ ಇರುವಂಥವು. ಎಂಜಿನ್ನಿನ ಅಳತೆಯೂ ಬಂಡವಾಳದ ಲೆಕ್ಕವೂ ಕಾಗದದಲ್ಲಿ ಸಿಕ್ಕುವುವು; ಈ ಮಾತುಗಳನ್ನು ಆ ಕೈಗಳಿರುವಾಗಲೇ ಕೇಳಿ ಬರೆದಿಡಬೇಕಾಗಿದೆ.