ಸತ್ಯವೇದವು ಮನೆಯೊಳಗೆ ಬಂದ ಬಗೆ

ಅರಣ್ಯಕಾಂಡವೆಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಪಂಚವಟಿ, ಶೂರ್ಪನಖಿ, ಮಾಯಾಮೃಗ. ಆದರೆ ಕನ್ನಡ ಕ್ರೈಸ್ತರ ಮನೆಗಳಲ್ಲಿ ಅದೇ ಹೆಸರಿನ ಇನ್ನೊಂದು ಕಾಂಡವಿದೆ. ಐಗುಪ್ತದ ದಾಸತ್ವದಿಂದ ಹೊರಬಿದ್ದ ಇಸ್ರಾಯೇಲ್ಯರು ಮೋಶೆಯ ಹಿಂದೆ ನಲವತ್ತು ವರ್ಷ ಅಲೆದ ಕಥೆಯನ್ನು ಹೇಳುವ ಪುಸ್ತಕ ಅದು. ಇಂಗ್ಲಿಷಿನಲ್ಲಿ ಅದಕ್ಕಿರುವುದು ಜನಗಣತಿಯನ್ನು ನೆನಪಿಸುವ, ಸಂಖ್ಯೆಗಳೆಂಬ ಅರ್ಥದ ಒಣ ಹೆಸರು. ಹೀಬ್ರೂ ಮೂಲದ ಹೆಸರಿಗೆ 'ಅರಣ್ಯದಲ್ಲಿ' ಎಂದೇ ಅರ್ಥ. ಕನ್ನಡದ ಅನುವಾದಕರು ಮೂಲಕ್ಕೂ ನಿಷ್ಠರಾಗಿ, ವಾಲ್ಮೀಕಿಯನ್ನು ಬಲ್ಲ ಕಿವಿಗೂ ಒಗ್ಗುವಂತೆ ಈ ಹೆಸರನ್ನು ಇಟ್ಟರು. ಆ ಅರಣ್ಯದಲ್ಲಿ ಮರಗಳಿರಲಿಲ್ಲ, ಅದು ಮರಳು ಮತ್ತು ಕಲ್ಲುಗಳ ನಾಡಾಗಿತ್ತು ಎಂಬುದು ಬೇರೆ ಮಾತು.

ಮುಂಬಯಿಯಲ್ಲಿ ನಮ್ಮ ಬಳಗ ಸೇರಿದ್ದ ಒಂದು ಸಂಜೆ, ಮಂಗಳೂರು ಮೂಲದ ಹಿರಿಯ ಸದಸ್ಯೆಯೊಬ್ಬರು ತಮ್ಮ ಅಜ್ಜಿಯ ಕಾಲದ ಸತ್ಯವೇದವನ್ನು ತಂದು ತೋರಿಸಿದರು. ಬೆನ್ನಿನ ಹೊಲಿಗೆ ಬಿಚ್ಚಿತ್ತು. ಕೀರ್ತನೆಗಳ ಪುಟಗಳ ಅಂಚು ಬೆರಳಿನ ಎಣ್ಣೆಯಿಂದ ಕಪ್ಪಾಗಿತ್ತು. ಯಾಜಕಕಾಂಡದ ಪುಟಗಳು ಮಾತ್ರ ಹೊಸದರಂತೆಯೇ ಇದ್ದವು. ಯಾವ ಮನೆಯವರು ಏನನ್ನು ಓದಿ ಬದುಕಿದರೆಂಬುದಕ್ಕೆ ಇದಕ್ಕಿಂತ ನಂಬತಕ್ಕ ದಾಖಲೆ ಬೇಕಿಲ್ಲವೆಂದು ನಮಗೆ ಅನ್ನಿಸಿತು. "ಬೆಳಿಗ್ಗೆ ಒಂದು ಅಧ್ಯಾಯ, ದೀಪ ಹಚ್ಚಿದ ಮೇಲೆ ಒಂದು ಕೀರ್ತನೆ. ಏನು ಮಾಡಬೇಕೆಂದು ತೋಚದಿದ್ದಾಗ ಅಜ್ಜಿ ಪುಸ್ತಕ ತೆಗೆಯುತ್ತಿದ್ದರು" ಎಂದರು ಅವರು. ದಿನನಿತ್ಯದ ಬಾಳಿಗೆ ಒಂದು ಗ್ರಂಥವನ್ನು ದಾರಿತೋರುಗನೆಂದು ನೆಚ್ಚುವ ಈ ವಾಡಿಕೆ ಕನ್ನಡದ ಮನೆಯೊಳಗೆ ಹೇಗೆ ಬಂತು? ಬಂದ ಮೇಲೆ ಅದು ನಿಜವಾಗಿ ದಾರಿ ತೋರಿತೇ? ಆ ಸಂಜೆಯಿಂದ ನಮ್ಮನ್ನು ಕಾಡಿದ ಪ್ರಶ್ನೆಗಳಿವು.

ಪುಸ್ತಕ ಮೊದಲು ಬಂದದ್ದು ಬಳ್ಳಾರಿಯಲ್ಲಿ. ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ತಲುಪಿದಾಗ ಅವರ ಕೈಯಲ್ಲಿ ಕನ್ನಡದ ಅಚ್ಚಾದ ನಿಘಂಟೂ ಇರಲಿಲ್ಲ, ವ್ಯಾಕರಣವೂ ಇರಲಿಲ್ಲ. ಮುನ್ಷಿಗಳನ್ನು ಕೂರಿಸಿಕೊಂಡು ಭಾಷೆ ಕಲಿತು, ಕಲಿಯುತ್ತಲೇ ಅನುವಾದಕ್ಕೆ ಕೈಹಾಕಿದರು. ಆ ಮುನ್ಷಿಗಳ ಹೆಸರು ಮುಖಪುಟದಲ್ಲಿಲ್ಲ. ಆದರೆ ಕಾಂಡ, ಕೀರ್ತನೆ, ಸುವಾರ್ತೆ, ದೀಕ್ಷಾಸ್ನಾನದಂತಹ ಮಾತುಗಳ ಹಿಂದೆ ಅವರ ಸಂಸ್ಕಾರ ಇರಲೇಬೇಕು. ಬಳ್ಳಾರಿ ಆಗ ಮದರಾಸು ಪ್ರಾಂತ್ಯದ ಭಾಗ. ಹಾಗಾಗಿ ಹೊಸ ಒಡಂಬಡಿಕೆ ಅಚ್ಚಾದದ್ದು ಮದರಾಸಿನಲ್ಲಿ, 1820ರ ದಶಕದ ಆರಂಭದಲ್ಲಿ. ಚೆನ್ನೈಯಲ್ಲಿರುವ ನಮ್ಮ ಓದುಗರು ಇದನ್ನು ತಮ್ಮ ಊರಿನ ಕನ್ನಡ ಚರಿತ್ರೆಯಲ್ಲಿ ಬರೆದಿಟ್ಟುಕೊಳ್ಳಬಹುದು. ಹ್ಯಾಂಡ್ಸರ ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನು ಹೊರತಂದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು.

ಈ ಪುಸ್ತಕಕ್ಕೆ ಕನ್ನಡದಲ್ಲಿ ನೆಲೆಗೊಂಡ ಹೆಸರು ಸತ್ಯವೇದ. ಹೆಸರು ಚಿಕ್ಕದು, ಅದರ ಹಕ್ಕೊತ್ತಾಯ ದೊಡ್ಡದು. ಯಾವುದನ್ನು ಶೂದ್ರನೂ ಸ್ತ್ರೀಯೂ ಕಿವಿಯಲ್ಲಿ ಕೇಳುವುದಕ್ಕೂ ನಿಷೇಧವಿತ್ತೋ ಆ ವೇದವೆಂಬ ಪದವನ್ನೇ ತೆಗೆದುಕೊಂಡು, ಅದನ್ನು ಅಕ್ಷರ ಕಲಿತ ಯಾವ ಹೊಲೆಯರ ಹುಡುಗಿಯಾದರೂ ತೊಡೆಯ ಮೇಲಿಟ್ಟುಕೊಂಡು ಓದಬಹುದಾದ ವಸ್ತುವಿಗೆ ಇಟ್ಟದ್ದು ಸಾಮಾನ್ಯ ಸಂಗತಿಯಲ್ಲ. ಉಳಿದವೆಲ್ಲ ಅಸತ್ಯವೆಂಬ ಧ್ವನಿಯೂ ಆ ಹೆಸರಿನಲ್ಲಿದೆ ಎಂಬುದನ್ನು ನಾವು ಮರೆಮಾಚಬೇಕಿಲ್ಲ. ನೆರೆಹೊರೆಯವರಿಗೆ ಅದು ಚುಚ್ಚಿದ್ದರೆ ಆಶ್ಚರ್ಯವೂ ಇಲ್ಲ.

ಅಚ್ಚಿನ ಹಿಂದೆ ಇದ್ದ ಇನ್ನೊಂದು ನಿಯಮ ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರದ್ದು. 1804ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬ್ರಿಟಿಷ್ ಅಂಡ್ ಫಾರಿನ್ ಬೈಬಲ್ ಸೊಸೈಟಿಯು ಟೀಕೆ ಟಿಪ್ಪಣಿಗಳಿಲ್ಲದ ಬೈಬಲನ್ನು ಮಾತ್ರ ಹಂಚುವುದೆಂದು ಕಟ್ಟುಮಾಡಿಕೊಂಡಿತ್ತು. ಪಂಗಡ ಪಂಗಡಗಳ ನಡುವಿನ ಜಗಳವನ್ನು ತಪ್ಪಿಸಲು ಹೂಡಿದ ಉಪಾಯ ಅದು. 1820ರಲ್ಲಿ ಮದರಾಸಿನಲ್ಲಿ ಅದರ ಶಾಖೆ ಏರ್ಪಟ್ಟಿತು. ಭಾಷ್ಯವಿಲ್ಲದೆ ಸೂತ್ರವನ್ನು ಮುಟ್ಟದ ನಮ್ಮ ಶಾಸ್ತ್ರಪರಂಪರೆಯ ಕಣ್ಣಿಗೆ ಇದು ವಿಚಿತ್ರ ಸಾಹಸ. ಭಾಷ್ಯಕಾರನಿಲ್ಲದ ಗ್ರಂಥ ಮನೆಗೆ ಬಂದರೆ ಓದುವವನೇ ಭಾಷ್ಯಕಾರನಾಗಬೇಕಾಗುತ್ತದೆ. ದಿನದ ಬಾಳಿಗೆ ಬೈಬಲನ್ನು ನೆಚ್ಚಿದವರ ಬಿಡುಗಡೆಯೂ ಸಂಕಟವೂ ಇಲ್ಲಿಂದಲೇ ಆರಂಭವಾಯಿತೆಂದು ನಮ್ಮ ಅಭಿಪ್ರಾಯ.

ಪುಸ್ತಕ ಬಳ್ಳಾರಿಯ ಕಡೆಯಿಂದ ಬಂತೆನ್ನಬಹುದಾದರೆ, ಅದನ್ನು ದಿನವೂ ತೆರೆಯುವ ಅಭ್ಯಾಸಕ್ಕೆ ಕರಾವಳಿಯಲ್ಲಿ ರೂಪ ಕೊಟ್ಟವರು ಬಾಸೆಲ್ ಮಿಶನ್ನಿನವರು. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಮುಂದಿನ ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಠಾಣೆಗಳಾದವು. ಈ ಮಿಶನ್ನಿಗೆ ಬಂದವರಲ್ಲಿ ಬಹಳ ಮಂದಿ ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದ ಭಕ್ತಿಪಂಥದ ಮನೆಗಳವರು. ದೇವಾಲಯದ ಉಪದೇಶದಷ್ಟೇ ಮನೆಯ ಮೇಜಿನ ಸುತ್ತಲಿನ ಓದೂ ಮುಖ್ಯವೆಂದು ನಂಬಿದ ಜನ. ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನಲ್ಲಿ 1728ರಿಂದ, ಕೌಂಟ್ ಝಿಂಝೆಂಡಾರ್ಫನ ಕಾಲದಿಂದ, ದಿನಕ್ಕೊಂದು ವಚನವನ್ನು ಮನೆಮನೆಗೆ ಸಾರುವ ಪದ್ಧತಿಯಿತ್ತು. 1731ರಿಂದ ಅದು ಪುಸ್ತಕವಾಗಿ ಅಚ್ಚಾಗುತ್ತ ಬಂದಿದೆ. ವರ್ಷದ ಪ್ರತಿ ದಿನಕ್ಕೂ ಹಳೆಯ ಒಡಂಬಡಿಕೆಯ ಒಂದು ವಚನವನ್ನು ಚೀಟಿ ಎತ್ತಿ ಆರಿಸುತ್ತಾರೆ, ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ಮಾತೊಂದನ್ನು ಜೊತೆಗೂಡಿಸುತ್ತಾರೆ. ದೇವರ ಮುಂದೆ ಹೂವಿನ ಪ್ರಸಾದ ಕೇಳುವ ನಮ್ಮ ಹಳ್ಳಿಗರಿಗೆ ಈ ಚೀಟಿಯ ತರ್ಕ ಅಪರಿಚಿತವೇನೂ ಅಲ್ಲ. ವಿಗ್ರಹಾರಾಧನೆಯನ್ನು ಖಂಡಿಸಲು ಬಂದ ಪಾದ್ರಿಗಳು ಬೆಳೆದ ಭಕ್ತಿಯ ವಾತಾವರಣದಲ್ಲೇ ಹೀಗೊಂದು ಪ್ರಸಾದ ಕೇಳುವ ಕ್ರಮವಿತ್ತು ಎಂಬುದು ನಮಗೆ ತುಸು ನಗುವನ್ನೂ ತರಿಸಿತು.

ಇನ್ನು ಪುಸ್ತಕ ತೆರೆದವರಿಗೆ ಅದರಲ್ಲಿ ಕಂಡದ್ದೇನು? ಇಲ್ಲೊಂದು ಸ್ವಾರಸ್ಯವಿದೆ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಎಂಟನೆಯ ಅಧ್ಯಾಯ ವಿಗ್ರಹಗಳಿಗೆ ಅರ್ಪಿಸಿದ ಆಹಾರವನ್ನು ತಿನ್ನಬಹುದೇ ಎಂಬುದನ್ನು ಚರ್ಚಿಸುತ್ತದೆ. ವ್ಯೂರ್ಟೆಂಬರ್ಗಿನ ರೈತನಿಗೆ ಅದು ಎಂದೋ ಸತ್ತ ಪ್ರಶ್ನೆ. ಮಂಗಳೂರಿನ ಹೊಸ ಕ್ರೈಸ್ತನಿಗೆ ಅದು ಈ ಹೊತ್ತಿನ ಪ್ರಶ್ನೆ: ಪಕ್ಕದ ಮನೆಯಲ್ಲಿ ಭೂತಕ್ಕೆ ಕೋಳಿ ಕೊಟ್ಟಿದ್ದಾರೆ, ಅಣ್ಣನ ಮಗ ಎಲೆಯಲ್ಲಿ ಪ್ರಸಾದ ತಂದು ನಿಂತಿದ್ದಾನೆ, ತೆಗೆದುಕೊಳ್ಳಬೇಕೋ ಬೇಡವೋ? ಪೌಲನ ಉತ್ತರ ಹೌದು ಅಲ್ಲಗಳ ಉತ್ತರವಲ್ಲ. ವಿಗ್ರಹದಲ್ಲಿ ಏನೂ ಇಲ್ಲವೆಂದು ನಿನಗೆ ತಿಳಿದಿರಬಹುದು. ಆದರೆ ನೀನು ತಿನ್ನುವುದನ್ನು ಕಂಡು ಬಲಹೀನನಾದ ಸಹೋದರ ಎಡವಿದರೆ ತಿನ್ನದಿರು ಎಂಬ ಧಾಟಿಯದು. ಎರಡು ಸಾವಿರ ವರ್ಷಗಳ ಹಿಂದಿನ ಗ್ರೀಕ್ ಪೇಟೆಯ ಕಟ್ಟಳೆ ತುಳುನಾಡಿನ ಅಂಗಳಕ್ಕೆ ಇಷ್ಟು ನೇರವಾಗಿ ಹೊಂದಿತ್ತು. ಬೋಧಿಸಲು ಬಂದವರಿಗಿಂತ ಕೇಳಲು ಕುಳಿತವರೇ ಆ ಪತ್ರದ ಮೂಲ ಓದುಗರಿಗೆ ಹತ್ತಿರದವರಾಗಿದ್ದರು.

ಊಟದ ಪ್ರಶ್ನೆ ಅಲ್ಲಿಗೇ ನಿಲ್ಲಲಿಲ್ಲ. ಯಾರ ಪಂಕ್ತಿಯಲ್ಲಿ ಕೂರುವುದು? ಅಪೊಸ್ತಲರ ಕೃತ್ಯಗಳ ಹತ್ತನೆಯ ಅಧ್ಯಾಯದಲ್ಲಿ ಪೇತ್ರನು ಅನ್ಯಜನಾಂಗದ ಕೊರ್ನೇಲ್ಯನ ಮನೆಯ ಹೊಸಿಲು ದಾಟುತ್ತಾನೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ, ಅನ್ಯರೊಡನೆ ಉಣ್ಣುತ್ತಿದ್ದ ಅದೇ ಪೇತ್ರನು ತನ್ನವರು ಬಂದೊಡನೆ ಎಲೆ ಬಿಟ್ಟು ಎದ್ದುದಕ್ಕಾಗಿ ಪೌಲನಿಂದ ಎಲ್ಲರೆದುರು ಬೈಸಿಕೊಳ್ಳುತ್ತಾನೆ. ಪಂಕ್ತಿಭೇದವನ್ನು ಬಲ್ಲ ನಮಗೆ ಇದಕ್ಕೆ ಟಿಪ್ಪಣಿ ಬೇಕಿಲ್ಲ. ಆದರೂ ಇದನ್ನೇ ಓದಿದ ಮಿಶನ್ನುಗಳು ಒಮ್ಮತಕ್ಕೆ ಬರಲಿಲ್ಲ. 1850ರಲ್ಲಿ ಮದರಾಸಿನ ಮಿಶನರಿ ಸಮ್ಮೇಳನವು, ಕೆಳಗಿನವರೆನಿಸಿಕೊಂಡವರು ಬೇಯಿಸಿದ ಅನ್ನವನ್ನು ಉಂಡು ಜಾತಿ ಮುರಿಯದವನನ್ನು ಸಭೆಗೆ ಸೇರಿಸಿಕೊಳ್ಳಬಾರದೆಂಬ ನಿಲುವನ್ನು ತಳೆಯಿತು. ತಮಿಳುನಾಡಿನಲ್ಲಿದ್ದ ಲೈಪ್‌ಜಿಗ್ ಮಿಶನ್ನಿನ ಮುಂದಾಳು ಕಾರ್ಲ್ ಗ್ರೌಲ್ ಅದನ್ನು ಒಪ್ಪಲಿಲ್ಲ. ಜಾತಿ ಲೌಕಿಕ ವ್ಯವಸ್ಥೆ, ಬಲವಂತದಿಂದಲ್ಲ, ಕಾಲಕ್ರಮದಲ್ಲಿ ಸವೆಯಬೇಕಾದದ್ದು ಎಂಬುದು ಅವರ ವಾದ. ಬಾಸೆಲಿನವರು ನಿಷ್ಠುರರ ಕಡೆಗಿದ್ದರು. ಪುಸ್ತಕ ಒಂದೇ, ಅಧ್ಯಾಯವೂ ಒಂದೇ. ಗ್ರೌಲರ ತಾಳ್ಮೆಯ ಮಾತಿನಲ್ಲಿ ಮಾನವಸ್ವಭಾವದ ಅರಿವಿದೆಯಾದರೂ, ಆ ತಾಳ್ಮೆಯ ಬೆಲೆಯನ್ನು ತೆತ್ತವರು ಪಂಕ್ತಿಯ ಹೊರಗೆ ಕುಳಿತವರು ಎಂಬುದರಿಂದ ನಮ್ಮ ಒಲವು ಅವರ ಕಡೆಗಿಲ್ಲ.

ಅದಕ್ಕಿಂತ ಕಠಿಣವಾದದ್ದು ತಂದೆತಾಯಿಯರ ಪ್ರಶ್ನೆ. 1844ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರೇ ಕುದಿಯಿತು. ಅವರ ಗುರು ಹೆರ್ಮನ್ ಮೋಗ್ಲಿಂಗ್. ಮುಂದೆ ಕೌಂಡಿನ್ಯರು ಬಾಸೆಲಿಗೆ ಹೋಗಿ ಓದಿ, ಮಿಶನರಿಯಾಗಿಯೇ ಮರಳಿದರು. ಇಂತಹ ತರುಣನೊಬ್ಬ ಬೈಬಲನ್ನು ದಾರಿತೋರುಗನೆಂದು ತೆರೆದರೆ ಅದು ಎರಡು ದಿಕ್ಕಿಗೆ ಬೆರಳು ತೋರಿಸುತ್ತದೆ. ದಶಾಜ್ಞೆಗಳಲ್ಲಿ ತಂದೆತಾಯಿಯರನ್ನು ಗೌರವಿಸಬೇಕೆಂಬ ಆಜ್ಞೆಯಿದೆ. ಮತ್ತಾಯನ ಹತ್ತನೆಯ ಅಧ್ಯಾಯದಲ್ಲಿ, ತಂದೆತಾಯಿಯರ ಮೇಲಿನ ಪ್ರೀತಿ ತನ್ನ ಮೇಲಿನ ಪ್ರೀತಿಯನ್ನು ಮೀರಬಾರದೆಂದು ಯೇಸು ಹೇಳುತ್ತಾನೆ. ಗುರು ಎರಡನೆಯದನ್ನು ತೋರಿಸುತ್ತಾನೆ, ಮನೆಯಲ್ಲಿ ಅಳುವ ತಾಯಿ ತಾನರಿಯದೆಯೇ ಮೊದಲನೆಯದನ್ನು ಆಡುತ್ತಾಳೆ. ಇಂತಹ ಹೊತ್ತಿನಲ್ಲಿ ಗ್ರಂಥವು ನಿರ್ಣಯ ಕೊಡುವುದಿಲ್ಲ. ನಿರ್ಣಯ ಮಾಡಿದವನು ತನ್ನ ನಿರ್ಣಯಕ್ಕೆ ಗ್ರಂಥದ ಮಾತನ್ನು ಆತುಕೊಳ್ಳುತ್ತಾನೆ. ಹೀಗೆನ್ನುವಾಗ ನಾವು ಕೌಂಡಿನ್ಯರ ಪ್ರಾಮಾಣಿಕತೆಯನ್ನು ಶಂಕಿಸುತ್ತಿಲ್ಲ; ಅವರು ಕಳೆದುಕೊಂಡದ್ದು ಎಷ್ಟೆಂಬುದು ಶಂಕೆಗೆ ಎಡೆಗೊಡುವುದಿಲ್ಲ. ಮತಾಂತರದಿಂದ ಪಿತ್ರಾರ್ಜಿತದ ಹಕ್ಕು ಹೋಗಬಾರದೆಂಬ ಕಾನೂನು ಬಂದದ್ದು 1850ರಲ್ಲಿ. ಆದರೆ ಆಸ್ತಿಯನ್ನು ಉಳಿಸುವ ಕಾನೂನು ಅಡುಗೆಮನೆಯ ಬಾಗಿಲನ್ನು ತೆರೆಸಲಾರದು.

ಜಾತಿ ಹೋದವನಿಗೆ ಕಸುಬೂ ಹೋಗುತ್ತಿತ್ತು. ಮಿಶನ್ನು ನೇಯ್ಗೆಯ ಶಾಲೆ, 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆಗಳನ್ನು ತೆರೆದದ್ದಕ್ಕೆ ಮುಖ್ಯ ಕಾರಣ ಅದೇ. ಗುಡಾರ ಹೊಲಿದು ಬದುಕಿದ ಪೌಲನ ಮೇಲ್ಪಂಕ್ತಿ ಎದುರಿಗಿತ್ತು. ಮುಂಬಯಿ ಪುಣೆಗಳ ಹಳೆಯ ಮನೆಗಳ ಮೇಲೆ ಇಂದಿಗೂ ಕಾಣುವ ಮಂಗಳೂರು ಹಂಚಿನ ಚರಿತ್ರೆ ಅಲ್ಲಿಂದ ಹೊರಡುತ್ತದೆ.

ಓದು ಬಾರದವರ ಪಾಡೇನು ಎಂದು ಕೇಳಬಹುದು. ಅವರಿಗೆ ಸತ್ಯವೇದವು ಕಿವಿಯ ಪುಸ್ತಕ. ಮನೆಗಳಿಗೆ ಹೋಗಿ ಹೆಂಗಸರಿಗೆ ಓದಿಹೇಳುವ ಬೈಬಲ್ ಸ್ತ್ರೀಯರಿದ್ದರು, ಹಾಡುಗಳಿದ್ದವು. ನಿಘಂಟಿನಿಂದ ನಮಗೆಲ್ಲ ಪರಿಚಿತರಾದ ಕಿಟೆಲ್ 1862ರಲ್ಲಿ ಕ್ರಿಸ್ತಚರಿತೆಯನ್ನು ಕನ್ನಡದ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಬರೆದದ್ದು, ಈ ನಾಡಿನಲ್ಲಿ ನೆನಪಿನಲ್ಲಿ ನಿಲ್ಲುವುದು ಹಾಡಾಗಿ ಬಂದದ್ದೇ ಎಂಬುದನ್ನು ಅರಿತೇ ಇರಬೇಕು. ಇದೇ ಅರಿವು ಅವರಿಗಿಂತ ಇನ್ನೂರು ವರ್ಷಕ್ಕೂ ಮೊದಲು ಗೋವೆಯಲ್ಲಿದ್ದ ಜೆಸುಯಿಟ್ ಥಾಮಸ್ ಸ್ಟೀಫನ್ಸನಿಗಿತ್ತು. 1616ರಲ್ಲಿ ಅಚ್ಚಾದ ಅವನ ಮರಾಠಿ ಓವಿಗಳ ಕ್ರಿಸ್ತಪುರಾಣ ಮಂಗಳೂರಿನ ಕೊಂಕಣಿ ಕಥೋಲಿಕರ ಮನೆಗಳಲ್ಲಿ ಹಾಡಿನ ಗ್ರಂಥವಾಗಿ ಬಾಳಿತು. ಕಥೋಲಿಕ ಸಭೆ ತನ್ನ ಜನಸಾಮಾನ್ಯರಿಗೆ ಬೈಬಲಿನ ಬಾಗಿಲನ್ನು ಅಗಲವಾಗಿ ತೆರೆದದ್ದು ಎರಡನೆಯ ವ್ಯಾಟಿಕನ್ ಸಮ್ಮೇಳನದ 1965ರ ನಿರ್ಣಯದ ಬಳಿಕ.

ಮತ್ತೆ ನಮ್ಮ ಹಿರಿಯ ಸದಸ್ಯೆಯ ಪುಸ್ತಕಕ್ಕೆ ಬರೋಣ. ಅವರ ಮದುವೆಯಾದದ್ದು ಮುಂಬಯಿಯಲ್ಲಿ, ಮಕ್ಕಳು ಓದಿದ್ದು ಇಂಗ್ಲಿಷಿನಲ್ಲಿ. ಕನ್ನಡ ದಿನಪತ್ರಿಕೆ ಆ ಮನೆಗೆ ಬರುವುದು ನಿಂತು ಇಪ್ಪತ್ತು ವರ್ಷವಾಯಿತಂತೆ. ಉಳಿದ ಕನ್ನಡದ ಓದೆಂದರೆ ಬೆಳಗಿನ ಆ ಒಂದು ಅಧ್ಯಾಯ. ಆ ಹಳೆಯ ಗ್ರಾಂಥಿಕ ಕನ್ನಡ ಮಾತಿನ ಕನ್ನಡವಲ್ಲ. "ಅದರ ಕೆಲವು ಪದ ನಾನು ಬೇರೆಲ್ಲೂ ಕೇಳಿಲ್ಲ" ಎಂದು ಅವರೇ ನಕ್ಕರು. ಮಗನಿಗೆ ವಿದೇಶದ ಕೆಲಸ ಒಪ್ಪಿಕೊಳ್ಳಲೋ ಬೇಡವೋ ಎಂಬ ಗೊಂದಲವಿದ್ದಾಗ ಪುಸ್ತಕ ತೆರೆದಿರಾ ಎಂದು ನಮ್ಮಲ್ಲೊಬ್ಬರು ಕೇಳಿದರು. ತೆರೆದಿದ್ದರಂತೆ. ಅಂದಿನ ಸರದಿಗೆ ಬಂದದ್ದು ಅರಣ್ಯಕಾಂಡದ ಜನಗಣತಿ, ಯಾವ ಗೋತ್ರದಲ್ಲಿ ಎಷ್ಟು ಗಂಡಸರೆಂಬ ಲೆಕ್ಕ. "ಅದರಲ್ಲಿ ಉತ್ತರವೇನೂ ಇರಲಿಲ್ಲ. ಆದರೂ ಪೂರ್ತಿ ಓದಿದೆವು. ಓದಿ ಮುಗಿಯುವಷ್ಟರಲ್ಲಿ ಅವನು ನನ್ನೊಡನೆ ಮಾತನಾಡಲು ಶುರುಮಾಡಿದ್ದ" ಎಂದು ಹೇಳಿ, ಬಿಚ್ಚಿದ ಹೊಲಿಗೆಯ ಪುಸ್ತಕವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದರು.